.22 ಗುಂಡಿಗೆ ಎಷ್ಟು ಕೊಡ್ಬೋದು? ಅಮೆರಿಕದಲ್ಲಿ ಶೆಲ್ಫ್ ಖಾಲಿ ಆದಾಗ ನಡೆಯೋ ಲೆಕ್ಕಾಚಾರ

ಅಮೆರಿಕದ ಗುಂಡಿನ ಮಾರ್ಕೆಟ್ ಬಗ್ಗೆ ಈಚೆಗೆ ಬಂದಿರೋ ಸುದ್ದಿ ಒಟ್ಟಿಗೆ ಇಟ್ಕೊಂಡು ಓದಿದ್ರೆ ಯಾರಿಗಾದ್ರೂ ಗೊಂದಲ ಆಗುತ್ತೆ. 2024ರಲ್ಲಿ ಗನ್ ಪೌಡರ್ ಕೊರತೆ ಇದೆ, ರೇಟ್ ಏರಿಸ್ತಿದೀವಿ ಅಂತ ದೊಡ್ಡ ಕಂಪನಿ ವಿಸ್ಟಾ ಔಟ್‌ಡೋರ್ ಡೀಲರ್‌ಗಳಿಗೆ ಪತ್ರ ಬರೀತು. ಅದೇ ವರ್ಷ ಡಿಸೆಂಬರಲ್ಲಿ ಚೀನಾ ಅಮೆರಿಕಕ್ಕೆ ಆಂಟಿಮನಿ ಕಳ್ಸೋದನ್ನೇ ನಿಲ್ಸಿತು, ಸೀಸ ಗಟ್ಟಿ ಮಾಡೋಕೆ ಬೇಕಾದ ಲೋಹ ಅದು. 2025ರ ಆಗಸ್ಟ್ 1ರಿಂದ ಅರೆ ತಯಾರಾದ ತಾಮ್ರದ ಮಾಲಿನ ಮೇಲೆ ಶೇ 50 ಸುಂಕ ಬಂತು. ಇಷ್ಟೆಲ್ಲಾ ಆದ್ಮೇಲೆ ಅಂಗಡಿಗೆ ಹೋಗಿ ನೋಡಿದ್ರೆ .22 (0.22 ಇಂಚು ದಪ್ಪದ ಪುಟ್ಟ) ಗುಂಡಿನ ಡಬ್ಬಗಳು ಸಾಲಾಗಿ ಕೂತಿವೆ. ಅಂದ್ರೆ ಸುದ್ದೀಲಿ ಕೊರತೆ, ಶೆಲ್ಫಲ್ಲಿ ಮಾಲು.

ಆದ್ರೂ ಜನ ನಂಬಲ್ಲ, ಯಾಕಂದ್ರೆ 2013ರಲ್ಲಿ ರಾತ್ರೋರಾತ್ರಿ ಎಲ್ಲಾ ಮಾಯ ಆಗಿದ್ದು ಅವ್ರಿಗೆ ನೆನಪಿದೆ, ಆಮೇಲೆ 2020ರಲ್ಲಿ ಮತ್ತೆ ಅದೇ ಕಥೆ. ಟೆಕ್ಸಾಸ್ ಕಡೆ ಸೆಟಲ್ ಆಗಿ ವೀಕೆಂಡಲ್ಲಿ ಶೂಟಿಂಗ್ ರೇಂಜ್‌ಗೆ ಹೋಗೋ ಅಭ್ಯಾಸ ಮಾಡ್ಕೊಂಡಿರೋ ನಮ್ಮೋರಿಂದ ಹಿಡಿದು ಮಗನನ್ನ ಸ್ಕೌಟ್ಸ್ ಕ್ಯಾಂಪಿಗೆ ಕಳ್ಸೋ ಅಪ್ಪಂದಿರ ತನಕ ಎಲ್ಲರದ್ದೂ ಒಂದೇ ಪ್ರಶ್ನೆ. ಕೊರತೆ ಬಂದಾಗ ಈ ಪುಟ್ಟ ಗುಂಡಿಗೆ ಎಷ್ಟು ಕೊಟ್ರೆ ನ್ಯಾಯ, ಎಷ್ಟಾದ ಮೇಲೆ ಮೋಸ ಹೋದಂಗೆ?

ಮೊದಲು, ಇದೇನು ವಸ್ತು

ಕಾಡತೂಸಿನ ತಳದಲ್ಲಿ ಕಿಡಿ ಹತ್ಸೋ ಮದ್ದು ಇರುತ್ತಲ್ಲ, ಅದು ಎಲ್ಲಿದೆ ಅನ್ನೋದರ ಮೇಲೆ ಎರಡು ಜಾತಿ. ದೊಡ್ಡ ರೈಫಲ್, ಪಿಸ್ತೂಲುಗಳ ಗುಂಡಲ್ಲಿ ಅದು ತಳದ ಮಧ್ಯದಲ್ಲಿ ಬೇರೆ ಬಿಲ್ಲೆಯಾಗಿ ಕೂತಿರುತ್ತೆ, ಅದು ಸೆಂಟರ್‌ಫೈರ್. ರಿಮ್‌ಫೈರಲ್ಲಿ ಬಿಲ್ಲೆ ಇಲ್ಲ, ತಳದ ಅಂಚಿನ ಟೊಳ್ಳಿನ ಒಳಗೇ ಮದ್ದು ಹರಡಿರುತ್ತೆ, ಗನ್ನಿನ ಪಿನ್ನು ಅಂಚಿಗೆ ಹೊಡೆದ್ರೆ ಹತ್ಕೊಳುತ್ತೆ. 1887ರಲ್ಲಿ ಸ್ಟೀವನ್ಸ್ ಕಂಪನಿ ಹೊರತಂದ .22 ಲಾಂಗ್ ರೈಫಲ್ ಈ ಜಾತಿಯ ರಾಜ, ಇವತ್ತಿಗೂ ಅಮೆರಿಕದಲ್ಲಿ ಶೂಟಿಂಗ್ ಕಲಿಯೋರು ಬಹುಪಾಲು ಇದರಿಂದಾನೇ ಶುರು ಮಾಡೋದು. ಸದ್ದು ಕಮ್ಮಿ, ಒದೆತ ಇಲ್ಲ ಅನ್ನೋಷ್ಟು ಕಮ್ಮಿ, ರೇಟು ಎಲ್ಲಕ್ಕಿಂತ ಅಗ್ಗ.

ಈ ಅಂಚಿನ ಮದ್ದಿನಿಂದ ಒಂದು ದೊಡ್ಡ ಪರಿಣಾಮ ಇದೆ, ಮುಂದಿನ ಕಥೆಗೆಲ್ಲಾ ಅದೇ ಬುನಾದಿ. ಸೆಂಟರ್‌ಫೈರ್ ಆದ್ರೆ ಹೊಡೆದ ಖಾಲಿ ಕೇಸನ್ನ ಆಯ್ಕೊಂಡು ಬಂದು, ಹಳೇ ಬಿಲ್ಲೆ ತೆಗ್ದು ಹೊಸದು ಕೂರ್ಸಿ, ಪೌಡರ್ ಹಾಕಿ ಮನೇಲೇ ಮತ್ತೆ ತುಂಬ್ಬೋದು, ಸಾವಿರಾರು ಜನ ಗ್ಯಾರೇಜಲ್ಲಿ ಇದನ್ನ ಮಾಡ್ತಾರೆ. .22ರಲ್ಲಿ ಅದು ಆಗಲ್ಲ ಅಂತಾನೇ ಇಟ್ಕೊಳ್ಳಿ. ಅಂಚು ಒಮ್ಮೆ ಜಜ್ಜಿ ಹೋಯ್ತು ಅಂದ್ರೆ ಮುಗೀತು, ಕೇಸು ಗುಜರಿ. ಹಾಗಾಗಿ ಫ್ಯಾಕ್ಟರಿಯಿಂದ ಹೊಸದು ಬರ್ಲೇಬೇಕು, ಬರ್ಲಿಲ್ಲ ಅಂದ್ರೆ ಬೇರೆ ದಾರಿ ಇಲ್ಲ.

2013: ಬಿಲ್ ಬಿದ್ದೋಯ್ತು, ಗಾಬರಿ ನಿಲ್ಲಲಿಲ್ಲ

2012ರ ಡಿಸೆಂಬರ್ 14ಕ್ಕೆ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೇಲಿ ಹತ್ಯಾಕಾಂಡ ಆಯ್ತು. ಅದಾಗಿ ಕೆಲವೇ ದಿನಕ್ಕೆ ಹೊಸ ಕಾನೂನು ಬರುತ್ತೆ ಅನ್ನೋ ಮಾತು ಶುರುವಾಯ್ತು, ಬರೋಕ್ಕಿಂತ ಮುಂಚೆ ತಗೊಂಡ್ಬಿಡೋಣ ಅಂತ ಜನ ಅಂಗಡಿಗೆ ನುಗ್ಗಿದ್ರು. ಆ ಒಂದು ತಿಂಗಳಲ್ಲೇ ಎಫ್‌ಬಿಐ ಹತ್ರ ಬಂದ, ಗನ್ ಕೊಳ್ಳೋರ ಹಿನ್ನೆಲೆ ನೋಡೋ ಬ್ಯಾಕ್‌ಗ್ರೌಂಡ್ ಚೆಕ್‌ಗಳು 27 ಲಕ್ಷ ದಾಟಿದ್ವು, ಅವತ್ತಿನ ಮಟ್ಟಿಗೆ ದಾಖಲೆ. ಈ ಚೆಕ್ಕನ್ನ ಇನ್ನಷ್ಟು ಗನ್ ಮಾರಾಟಗಳಿಗೆ ವಿಸ್ತರಿಸೋ ಮ್ಯಾಂಚಿನ್-ಟೂಮಿ ತಿದ್ದುಪಡಿ 2013ರ ಏಪ್ರಿಲ್ 17ಕ್ಕೆ ಸೆನೆಟಲ್ಲಿ ಬಿದ್ದೋಯ್ತು, 54 ಓಟು ಬಂದ್ರೂ 60 ಬೇಕಿತ್ತು.

ಕಾನೂನೇ ಬರ್ಲಿಲ್ವಲ್ಲ, ಹಾಗಾದ್ರೆ ಮೇ ತಿಂಗಳಿಗೆ ಎಲ್ಲಾ ಸರಿಹೋಗ್ಬೇಕಿತ್ತು ಅನ್ಸುತ್ತೆ. ದೊಡ್ಡ ರೈಫಲ್ ಗುಂಡು, ಪಿಸ್ತೂಲಿನ 9 ಎಂಎಂ ಎಲ್ಲಾ ಒಂದು ವರ್ಷದ ಆಸುಪಾಸಲ್ಲಿ ಶೆಲ್ಫಿಗೆ ವಾಪಸ್ ಬಂತು ಕೂಡ. .22 ಮಾತ್ರ ಬರ್ಲಿಲ್ಲ, 2014, 2015 ಎಲ್ಲಾ ಕಳೆದು 2016ರ ಹೊತ್ತಿಗೆ ನಿಧಾನಕ್ಕೆ ಕಾಣ್ಸೋಕೆ ಶುರುವಾಯ್ತು. ಎಲ್ಲಕ್ಕಿಂತ ಅಗ್ಗದ, ಯಾವ ಕಾನೂನೂ ಗುರಿ ಇಟ್ಟಿರದ ಗುಂಡು ಎಲ್ಲಕ್ಕಿಂತ ಜಾಸ್ತಿ ದಿನ ಸಿಗ್ಲಿಲ್ಲ. ವಿಚಿತ್ರ ಅನ್ಸುತ್ತೆ, ಆದ್ರೆ ಕಾರಣ ಆ ಅಗ್ಗದ ರೇಟಲ್ಲೇ ಇದೆ.

500 ಗುಂಡಿನ ಕಟ್ಟಿಗೆ ಅಲ್ಲಿ ಬ್ರಿಕ್ ಅಂತಾರೆ, ಇಟ್ಟಿಗೆ ಸೈಜಿಗೇ ಇರುತ್ತೆ. 2012ಕ್ಕೆ ಮುಂಚೆ ಒಂದು ಬ್ರಿಕ್ಕಿಗೆ ಸುಮಾರು 15ರಿಂದ 20 ಡಾಲರ್, ಅಂದ್ರೆ ಒಂದು ಗುಂಡಿಗೆ 3-4 ಸೆಂಟು. ಅಷ್ಟು ಅಗ್ಗದ್ದು, ತಂಪಾದ ಒಣ ಜಾಗದಲ್ಲಿ ಇಟ್ರೆ ದಶಕಗಟ್ಲೆ ಕೆಡಲ್ಲ, ಬೀರುವಿನ ಒಂದು ಮೂಲೆ ಸಾಕು. ಈರುಳ್ಳಿ ರೇಟ್ ಏರಿದಾಗ ನಾವು ಒಂದು ಮೂಟೆ ತಂದು ಇಟ್ಕೊಳ್ಳಲ್ಲ, ಕೊಳೆಯುತ್ತೆ, ಮೂರು ತಿಂಗಳಿಗೆ ಹೊಸ ಬೆಳೆ ಬರುತ್ತೆ ಅಂತ ಗೊತ್ತು. ಇಲ್ಲಿ ಕೊಳೆಯೋ ಭಯವೂ ಇಲ್ಲ, ಹೊಸ ಬೆಳೆ ಯಾವಾಗ ಅಂತ ಗೊತ್ತೂ ಇಲ್ಲ. ಒಂದು ಸಲ ಶೆಲ್ಫ್ ಖಾಲಿ ನೋಡಿದವ್ನು ಮುಂದಿನ ಸಲ ಒಂದು ಬ್ರಿಕ್ ಸಿಕ್ರೆ ಒಂದೇ ತಗೊಳ್ಳಲ್ಲ, ಮೂರು ತಗೋತಾನೆ. ಒಂದು ಕೋಟಿ ಜನ ಹೀಗೆ ತಲೆಗೊಂದೇ ಬ್ರಿಕ್ ಎಕ್ಸ್ಟ್ರಾ ಇಟ್ಕೊಂಡ್ರೂ 500 ಕೋಟಿ ಗುಂಡು ಮಾರ್ಕೆಟ್ಟಿಂದ ಮಾಯ, ಅದನ್ನ ಯಾರೂ ಹೊಡೆದು ಖರ್ಚೂ ಮಾಡಿರಲ್ಲ, ಬರೀ ಫ್ಯಾಕ್ಟರಿ ಗೋಡೌನಿಂದ ಮನೆ ಬೀರುಗೆ ಶಿಫ್ಟ್ ಆಗಿರುತ್ತೆ ಅಷ್ಟೇ.

ವಾಲ್‌ಮಾರ್ಟ್ ಕ್ಯೂ

ಆ ಟೈಮಲ್ಲಿ ವಾಲ್‌ಮಾರ್ಟ್ ಒಬ್ಬರಿಗೆ ದಿನಕ್ಕೆ ಮೂರೇ ಡಬ್ಬ ಅಂತ ರೂಲ್ ಮಾಡಿತ್ತು. ರೇಟು ಮಾತ್ರ ಹೆಚ್ಚುಕಮ್ಮಿ ಹಳೇದೇ, 500 ಚಿಲ್ಲರೆ ಗುಂಡಿನ ಬಲ್ಕ್ ಡಬ್ಬಕ್ಕೆ 20 ಡಾಲರ್ ಆಸುಪಾಸು. ಗ್ರಾಹಕರ ಮೇಲಿನ ಪ್ರೀತಿಯಿಂದ ಮಾಡಿದ ಕೆಲಸ ಅನ್ಸುತ್ತೆ, ಆದ್ರೆ ಆಗಿದ್ದೇ ಬೇರೆ. ರಾತ್ರಿ ಟ್ರಕ್ ಬರೋ ದಿನ ಯಾವುದು ಅಂತ ಪತ್ತೆ ಮಾಡ್ಕೊಂಡು ಬೆಳಗ್ಗೆ ಸ್ಪೋರ್ಟಿಂಗ್ ಗೂಡ್ಸ್ ಕೌಂಟರಿನ ಗಾಜಿನ ಕಪಾಟಿನ ಮುಂದೆ ಅದೇ ನಾಲ್ಕೈದು ಮುಖ ನಿಂತಿರ್ತಿದ್ವು, ಗಂಡ ಮೂರು ಹೆಂಡ್ತಿ ಮೂರು ಅಂತ ತಗೊಂಡು, ಶನಿವಾರದ ಗನ್ ಶೋದಲ್ಲಿ (ಗನ್ನು, ಗುಂಡು ಮಾರೋ ಸಂತೆ) ಟೇಬಲ್ ಹಾಕಿ ಅದೇ ಡಬ್ಬನ 50, 60, ಕೆಲವು ಸಲ 75 ಡಾಲರಿಗೆ ಮಾರ್ತಿದ್ರು. ಡಬ್ಬಕ್ಕೆ 40 ಡಾಲರ್ ಲಾಭ ಅಂದ್ರೆ ಒಂದು ಬೆಳಗ್ಗೆ ಮೂರು ಡಬ್ಬಕ್ಕೆ 120 ಡಾಲರ್, ಯಾರಿಗೆ ಬೇಡ?

ಕೆಲಸಕ್ಕೆ ಹೋಗೋನು ಸಾಯಂಕಾಲ ಆರಕ್ಕೆ ಬಂದ್ರೆ ಏನೂ ಇರ್ತಿರ್ಲಿಲ್ಲ. ಅವ್ನಿಗೆ 20 ಡಾಲರ್ ಅನ್ನೋದು ಬರೀ ಚೀಟಿ ಮೇಲಿನ ಅಂಕಿ, ನಿಜವಾದ ರೇಟು ಗನ್ ಶೋ ಟೇಬಲ್ ಮೇಲಿರೋದೇ. ಸಿಗದೇ ಇರೋ ಮಾಲಿನ ರೇಟನ್ನ ರೇಟ್ ಅಂತ ಲೆಕ್ಕಕ್ಕೆ ತಗೊಳ್ಳೋದೇ ತಪ್ಪು, ಕೊರತೆ ಟೈಮಲ್ಲಿ ಜನ ಮಾಡೋ ಮೊದಲ ಎಡವಟ್ಟು ಇದೇ. "ನಂಗೆ ಗೊತ್ತು ಇದು 20 ಡಾಲರಿಂದು, 45 ಯಾಕೆ ಕೊಡ್ಲಿ" ಅಂತ ವಾದ ಮಾಡೋನು, 20ಕ್ಕೆ ಸಿಗೋಕೆ ಹತ್ತು ಸಲ ಕಾರ್ ಓಡ್ಸಿದ ಪೆಟ್ರೋಲು, ಬೆಳಗ್ಗೆ ಐದಕ್ಕೆ ಎದ್ದ ನಿದ್ದೆ ಇದನ್ನೆಲ್ಲಾ ಲೆಕ್ಕಕ್ಕೇ ಹಿಡಿಯಲ್ಲ.

ಸರ್ಕಾರಾನೇ ಎಲ್ಲಾ ಕೊಂಡ್ಕೊಂಡ್ಬಿಡ್ತು ಅನ್ನೋ ಕಥೆ

ಮಾಲು ಸಿಗದೇ ಇದ್ದಾಗ ವದಂತಿ ತಾನಾಗೇ ಸಿಗುತ್ತೆ. ಗಡಿ, ಒಳನಾಡಿನ ಭದ್ರತೆ ನೋಡೋ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ 160 ಕೋಟಿ ಗುಂಡು ತಗೋತಿದೆ, ಜನಕ್ಕೆ ಸಿಗಬಾರದು ಅಂತಾನೇ ಹೀಗೆ ಮಾಡ್ತಿದೆ ಅನ್ನೋದು 2013ರ ದೊಡ್ಡ ಗುಲ್ಲು. ಅಮೆರಿಕದ ಲೆಕ್ಕ ತಪಾಸಣಾ ಸಂಸ್ಥೆ ಜಿಎಒ ಇದನ್ನ ಜಾಲಾಡಿ 2014ರ ಜನವರೀಲಿ ವರದಿ ಕೊಡ್ತು, 2013ರ ಆರ್ಥಿಕ ವರ್ಷದಲ್ಲಿ ಆ ಇಲಾಖೆ ತಗೊಂಡಿದ್ದು 8.4 ಕೋಟಿ ಗುಂಡು, ಹಿಂದಿನ ಐದು ವರ್ಷಗಳಿಗಿಂತ ಕಮ್ಮಿ. ಆ ದೊಡ್ಡ ಅಂಕಿ ಬಂದಿದ್ದು ಹಲವು ವರ್ಷಗಳ ಕಾಂಟ್ರಾಕ್ಟುಗಳ ಗರಿಷ್ಠ ಮಿತಿಯನ್ನೆಲ್ಲಾ ಕೂಡ್ಸಿದ್ರಿಂದ. ಅದೂ ಅಲ್ದೆ ಗಡಿ ಕಾಯೋ ಏಜೆಂಟು ಸೊಂಟದಲ್ಲಿ .22 ಇಟ್ಕೊಂಡು ಓಡಾಡಲ್ಲ.

ಇನ್ನೊಂದು ಕಥೆ ಸೀಸದ್ದು. ಮಿಸ್ಸೂರಿಯ ಹರ್ಕ್ಯುಲೇನಿಯಂನಲ್ಲಿದ್ದ ಡೋ ರನ್ ಕಂಪನಿಯ ಕರಗಿಸೋ ಘಟಕ 2013ರ ಡಿಸೆಂಬರಲ್ಲಿ ಮುಚ್ಚಿತು, ಅದಿರಿಂದ ಸೀಸ ತೆಗೆಯೋ ದೇಶದ ಕೊನೇ ಘಟಕ ಅದು. ಮುಚ್ಚಿದ್ದು ನಿಜ, ಆದ್ರೆ ಗುಂಡಿನ ಕಂಪನಿಗಳು ಬಳಸೋದು ಬಹುತೇಕ ಹಳೇ ಬ್ಯಾಟರಿ ಕರಗಿಸಿ ತೆಗೆದ ಸೀಸ. ಜೊತೆಗೆ, ಕೊರತೆ ಶುರುವಾಗಿ ಒಂದು ವರ್ಷ ಆದ್ಮೇಲೆ ಮುಚ್ಚಿದ ಘಟಕ ಆ ಕೊರತೆಗೆ ಕಾರಣ ಹೇಗಾಗುತ್ತೆ, ಅದನ್ನ ಯಾರೂ ಕೇಳ್ಲಿಲ್ಲ.

ಫ್ಯಾಕ್ಟರಿ ಇನ್ನೊಂದು ಲೈನ್ ಹಾಕ್ಬೋದಿತ್ತಲ್ವಾ

ಅಮೆರಿಕದೊಳಗೆ .22 ದೊಡ್ಡ ಮಟ್ಟದಲ್ಲಿ ಮಾಡೋ ಜಾಗಗಳು ಬೆರಳೆಣಿಕೆ. ಐಡಹೋದ ಲೂಯಿಸ್ಟನ್‌ನಲ್ಲಿ ಸಿಸಿಐ, ಮಿನೆಸೋಟಾದ ಅನೋಕಾದಲ್ಲಿ ಫೆಡರಲ್, ಮಿಸಿಸಿಪ್ಪಿಯ ಆಕ್ಸ್‌ಫರ್ಡಲ್ಲಿ ವಿಂಚೆಸ್ಟರ್, ಅರ್ಕನ್ಸಾದ ಲೋನೋಕ್‌ನಲ್ಲಿ ರೆಮಿಂಗ್ಟನ್. ಮೆಕ್ಸಿಕೋದಿಂದ ಆಗಿಲಾ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಂದ ಇಲೈ, ಜರ್ಮನಿಯಿಂದ ಎಸ್‌ಕೆ, ಲಾಪುವಾ ಬರುತ್ತೆ. ರಿಮ್‌ಫೈರ್ ಮಷಿನ್ನು ಬೇರೆ, ಸೆಂಟರ್‌ಫೈರ್ ಮಷಿನ್ನು ಬೇರೆ, 9 ಎಂಎಂ ಲೈನನ್ನ ಸೋಮವಾರ ನಿಲ್ಸಿ ಮಂಗಳವಾರ .22 ಮಾಡ್ತೀನಿ ಅನ್ನೋಕಾಗಲ್ಲ. ಅದ್ರಲ್ಲೂ ಕಿಡಿ ಮದ್ದು ತುಂಬೋ ಹಂತ ಸೂಕ್ಷ್ಮ. ಒದ್ದೆ ಇದ್ದಾಗಲೇ ಹಿಟ್ಟಿನ ಹಾಗೆ ಇರೋ ಆ ಮದ್ದನ್ನ ಸಣ್ಣ ತೂತುಗಳ ಪ್ಲೇಟಿಗೆ ಸವರಿ, ಒಂದೊಂದು ಕೇಸಿಗೂ ಚಿಟಿಕೆಯಷ್ಟು ಬೀಳ್ಸಿ, ಅದನ್ನ ಗರಗರ ತಿರುಗಿಸಿ ಅಂಚಿನ ಟೊಳ್ಳಿಗೆ ಹೋಗೋ ಹಾಗೆ ಮಾಡ್ಬೇಕು. ಒಣಗಿದ್ಮೇಲೆ ಸ್ವಲ್ಪ ಉಜ್ಜಿದ್ರೂ ಸಿಡಿಯುತ್ತೆ. ಇದಕ್ಕೆ ಪಳಗಿದ ಕೈ ಬೇಕು, ಗಟ್ಟಿ ಗೋಡೆಯ ಬೇರೆ ಕಟ್ಟಡ ಬೇಕು.

ಇಷ್ಟೆಲ್ಲಾ ದುಡ್ಡು ಸುರಿದು ಲೈನ್ ಹಾಕೋ ಹೊತ್ತಿಗೆ ಎರಡು ವರ್ಷ ಕಳೆದಿರುತ್ತೆ. ಅಷ್ಟರಲ್ಲಿ ಗಾಬರಿ ಇಳಿದ್ರೆ? 2016ರ ನವೆಂಬರಲ್ಲಿ ಟ್ರಂಪ್ ಗೆದ್ದಾಗ ಆಗಿದ್ದು ಅದೇ, ಹೊಸ ಕಾನೂನಿನ ಭಯ ಹೋಯ್ತು, ಜನ ಕೊಳ್ಳೋದು ನಿಲ್ಸಿದ್ರು, ಮನೇಲಿ ಪೇರಿಸಿಟ್ಟಿದ್ದನ್ನೇ ಹೊಡೀತಾ ಕೂತ್ರು. 2018ರಲ್ಲಿ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕ್ತು, 2020ರ ಜುಲೈನಲ್ಲಿ ಎರಡನೇ ಸಲ. ಆ ಎರಡನೇ ಅರ್ಜಿ ಹಾಕಿದ್ದು ದೇಶದಲ್ಲಿ ಗನ್ನು, ಗುಂಡಿಗೆ ಹಿಂದೆಂದೂ ಇಲ್ಲದ ಬೇಡಿಕೆ ಇದ್ದ ತಿಂಗಳುಗಳಲ್ಲೇ. ಅದ್ಕೇ ಕಂಪನಿಗಳು ಇರೋ ಲೈನನ್ನ ಮೂರು ಶಿಫ್ಟಲ್ಲಿ ಓಡ್ಸೋಕೆ ರೆಡಿ, ಹೊಸದಕ್ಕೆ ಕೈ ಹಾಕೋಕೆ ಹಿಂಜರಿತಾರೆ. ಗ್ರಾಹಕನಿಗೆ ಇದು ಬೇಜಾರಿನ ವಿಷ್ಯ ನಿಜ, ಆದ್ರೆ ಅವ್ರ ಜಾಗದಲ್ಲಿ ಯಾರಿದ್ರೂ ಇಷ್ಟೇ ಮಾಡ್ತಿದ್ರು.

2020: ಈ ಸಲ ಹೊಸಬರು

ಕೋವಿಡ್, ಲಾಕ್‌ಡೌನ್, ಜಾರ್ಜ್ ಫ್ಲಾಯ್ಡ್ ಸಾವಿನ ನಂತರದ ಗಲಾಟೆಗಳು, ಚುನಾವಣೆ, ಎಲ್ಲಾ ಒಂದೇ ವರ್ಷದಲ್ಲಿ. ಬ್ಯಾಕ್‌ಗ್ರೌಂಡ್ ಚೆಕ್ 2019ರಲ್ಲಿ 2.8 ಕೋಟಿ ಇದ್ದಿದ್ದು 2020ರಲ್ಲಿ 3.9 ಕೋಟಿ ದಾಟಿತು. ಉದ್ಯಮದ ಸಂಘ ಎನ್‌ಎಸ್‌ಎಸ್‌ಎಫ್ ಅಂದಾಜು ಪ್ರಕಾರ ಆ ವರ್ಷ ಮೊದಲ ಸಲ ಗನ್ ತಗೊಂಡೋರೇ 84 ಲಕ್ಷ ಜನ. ಅವ್ರು ತಲೆಗೆ 50ರ ಎರಡೇ ಎರಡು ಡಬ್ಬ ಗುಂಡು ತಗೊಂಡ್ರೂ 84 ಕೋಟಿ ಗುಂಡು ಆಗೋಯ್ತು, ಅದೂ ಹಳೇ ಗಿರಾಕಿಗಳ ಬೇಡಿಕೆ ಹಾಗೇ ಇರುವಾಗ.

2013ಕ್ಕೂ ಇದಕ್ಕೂ ವ್ಯತ್ಯಾಸ ಏನಂದ್ರೆ, ಈ ಸಲ ಅಂಗಡಿಯವ್ರು, ಅದ್ರಲ್ಲೂ ಆನ್‌ಲೈನ್ ಅಂಗಡಿಯವ್ರು, ರೇಟ್ ಏರ್ಸೋಕೆ ಹಿಂದೆಮುಂದೆ ನೋಡ್ಲಿಲ್ಲ. 4-5 ಸೆಂಟಿದ್ದ .22 ಗುಂಡು 10, 15, ಕೆಲವು ಕಡೆ 20 ಸೆಂಟಿಗೂ ಹೋಯ್ತು. ಆದ್ರೆ 9 ಎಂಎಂ ಇನ್ನೂ ಜಾಸ್ತಿ ಕುಣೀತು, ಹೊಸಬರು ತಗೊಂಡಿದ್ದು ಹೆಚ್ಚಾಗಿ ಪಿಸ್ತೂಲೇ ಆಗಿದ್ರಿಂದ. .22 ಒಂದೂವರೆ ಎರಡು ವರ್ಷದೊಳಗೆ ಶೆಲ್ಫಿಗೆ ಮರಳಿತು, ಹಿಂದಿನ ಸಲದಷ್ಟು ಕಾಯ್ಬೇಕಾಗ್ಲಿಲ್ಲ. ರೇಟ್ ಬೇಗ ಏರಿದ್ರಿಂದಲೇ ಬೇಗ ಇಳೀತು ಅಂತ ಒಂದು ಗುಂಪು ಹೇಳುತ್ತೆ. ಅದು ಪೂರ್ತಿ ಸರಿ ಅಂತ ಒಪ್ಪೋಕಾಗಲ್ಲ, ಬೇರೆ ಕಾರಣಗಳೂ ಇದ್ವು, ಆದ್ರೆ ತಳ್ಳಿಹಾಕೋಕೂ ಆಗಲ್ಲ.

ಏರ್ಸ್ಬೇಕಾ, ಬೇಡ್ವಾ

ಇಲ್ಲಿ ಜಗಳ ನಿಜವಾಗ್ಲೂ ಬಿಸಿ. ರೇಟ್ ಬಿಟ್ಬಿಡಿ ಅನ್ನೋರ ವಾದ ಸಿಂಪಲ್. 20 ಡಾಲರ್ ಡಬ್ಬನ ಅಂಗಡಿಯವ್ನೇ 40ಕ್ಕೆ ಮಾರಿದ್ರೆ ಮೂರು ಬೇಕು ಅನ್ನೋನು ಒಂದಕ್ಕೆ ನಿಲ್ಲಿಸ್ತಾನೆ, ಮಧ್ಯವರ್ತಿಗೆ ಜಾಗ ಇರಲ್ಲ, ಸಂಜೆ ಬಂದೋನಿಗೂ ಸಿಗುತ್ತೆ, ಲಾಭ ಡೀಲರಿಗೂ ಫ್ಯಾಕ್ಟರಿಗೂ ಹೋಗಿ ಹೊಸ ಮಾಲು ತರೋಕೆ ಉತ್ಸಾಹ ಬರುತ್ತೆ. ಎದುರು ಕಡೆಯವ್ರು ಹೇಳೋದು, ಊರಲ್ಲಿ ಇಪ್ಪತ್ತು ವರ್ಷದಿಂದ ಬರ್ತಿರೋ ಗಿರಾಕಿ ಹತ್ರ ಕಷ್ಟದ ಟೈಮಲ್ಲಿ ಡಬಲ್ ಕಿತ್ಕೊಂಡ್ರೆ ಮುಂದೆ ಅವ್ನು ಈ ಬಾಗಿಲಿಗೆ ಕಾಲಿಡಲ್ಲ. ಅದೂ ನಿಜ, 2013ರಲ್ಲಿ ಏರಿಸಿದ ಅಂಗಡಿಗಳ ಹೆಸರನ್ನ ಜನ ಇವತ್ತಿಗೂ ಮರೆತಿಲ್ಲ.

ಮೂರನೇ ಕಡೆಯವ್ರ ದನಿ ಅಷ್ಟಾಗಿ ಕೇಳ್ಸಲ್ಲ. 4-ಎಚ್ ಅನ್ನೋ ಮಕ್ಕಳ ಸಂಘ, ಸ್ಕೌಟ್ಸ್, ಸ್ಕೂಲು ಕಾಲೇಜುಗಳ ರೈಫಲ್ ಟೀಮು, ಇವ್ರಿಗೆಲ್ಲಾ ವರ್ಷಕ್ಕೆ ಇಷ್ಟೇ ಅಂತ ಬಜೆಟ್ಟು, ಗುಂಡಿನ ರೇಟ್ ಮೂರು ಪಟ್ಟಾದ್ರೆ ಮಕ್ಕಳು ಹೊಡೆಯೋದು ಮೂರನೇ ಒಂದು ಭಾಗ. ಕ್ಯೂ ಇದ್ರೆ ಅದಕ್ಕೆ ನಿಲ್ಲೋಕೂ ಅವ್ರಿಗೆ ಆಗಲ್ಲ. ಕೆಲವು ಕ್ಲಬ್ಬುಗಳು, ರೇಂಜುಗಳು ಕಂಡ್ಕೊಂಡ ದಾರಿ ಚೆನ್ನಾಗಿದೆ. ಗುಂಡನ್ನ ರೇಂಜಲ್ಲೇ ಮಾರ್ತೀವಿ, ಸುಮಾರಾದ ರೇಟಿಗೆ, ಇಲ್ಲೇ ಹೊಡೀಬೇಕು, ಮನೆಗೆ ಒಯ್ಯಂಗಿಲ್ಲ. ಪೇರಿಸಿಡೋನಿಗೂ ಮಾರೋನಿಗೂ ಅದರಿಂದ ಉಪಯೋಗ ಇಲ್ಲ, ಹೊಡೆಯೋನಿಗೆ ಮಾತ್ರ ಸಿಗುತ್ತೆ. ರೇಟ್ ಏರ್ಸೋದು, ಮಿತಿ ಹಾಕೋದು ಎರಡಕ್ಕಿಂತ ಇದೇ ವಾಸಿ, ಆದ್ರೆ ದೊಡ್ಡ ಅಂಗಡಿಗಳಲ್ಲಿ ಹೀಗೆ ಮಾಡೋಕಾಗಲ್ಲ.

ಹಾಗಾದ್ರೆ ಎಷ್ಟು ಕೊಡೋದು

ಮೊದಲು ತಳ ಎಲ್ಲಿದೆ ನೋಡ್ಬೇಕು. ಮಾಮೂಲಿ .22 ಗುಂಡಲ್ಲಿ 40 ಗ್ರೇನ್, ಅಂದ್ರೆ 2.6 ಗ್ರಾಂ ಸೀಸ. ಟನ್ನಿಗೆ 2,000 ಡಾಲರ್ ಅಂತ ಹಿಡಿದ್ರೆ ಅರ್ಧ ಸೆಂಟು. ಹಿತ್ತಾಳೆ ಕೇಸಿಂದು ಹೆಚ್ಚುಕಮ್ಮಿ ಅಷ್ಟೇ. ಪೌಡರ್ ಎಷ್ಟು ಕಮ್ಮಿ ಅಂದ್ರೆ ಒಂದು ಪೌಂಡಲ್ಲಿ ನಾಲ್ಕು ಸಾವಿರದಷ್ಟು ಗುಂಡು ತುಂಬ್ಬೋದು. ಕೂಲಿ, ಕರೆಂಟು, ಡಬ್ಬ, ಸಾಗಾಟ, ಜೊತೆಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ವನ್ಯಜೀವಿ ನಿಧಿಗೆ ಹೋಗೋ ಶೇ 11 ತೆರಿಗೆ, ಇವನ್ನೆಲ್ಲಾ ಸೇರ್ಸಿ ಅಂಗಡಿಗೆ ಬರೋ ಹೊತ್ತಿಗೆ ಈಗಿನ ಕಾಲದಲ್ಲಿ 5 ಸೆಂಟಿಗಿಂತ ಕೆಳಗೆ ಸಿಗೋದು ಕಷ್ಟ. 2012ರ 4 ಸೆಂಟು ಹಣದುಬ್ಬರ ಸೇರ್ಸಿದ್ರೆ ಇವತ್ತು ಐದೂವರೆ ದಾಟುತ್ತೆ. ಅಂದ್ರೆ 6-7 ಸೆಂಟಿಗೆ ಬಲ್ಕ್ ಸಿಕ್ರೆ ಅದು ಮಾಮೂಲಿ ರೇಟೇ. "ರೇಟ್ ಹಳೇ ಮಟ್ಟಕ್ಕೆ ಬರ್ಲೇ ಇಲ್ಲ" ಅನ್ನೋ ದೂರಲ್ಲಿ ಅರ್ಧಕ್ಕಿಂತ ಜಾಸ್ತಿ ಹಣದುಬ್ಬರದ್ದು.

ಮೇಲಿನ ಮಿತಿ ಎಲ್ಲಿ ಅಂದ್ರೆ, .22 ಬದ್ಲು ನೀವು ಬೇರೆ ಏನು ಹೊಡೀಬೋದು ಅನ್ನೋದ್ರಲ್ಲಿ. 2014ರ ಸುಮಾರಿಗೆ ಮನೇಲಿ ತುಂಬೋರಿಗೆ ಒಂದು 9 ಎಂಎಂ ಗುಂಡು 15 ಸೆಂಟಿನ ಆಸುಪಾಸಿಗೆ ಬೀಳ್ತಿತ್ತು. ಅಂಥವ್ರು .22ಗೆ 15 ಸೆಂಟು ಕೊಡೋದರಲ್ಲಿ ಅರ್ಥವೇ ಇಲ್ಲ. ಮನೇಲಿ ತುಂಬದೇ ಇರೋರಿಗೆ ಏರ್ ರೈಫಲ್ ಇದೆ, ಅದರ ಪೆಲೆಟ್ಟಿಗೆ 2-3 ಸೆಂಟು, ಗುರಿ ಅಭ್ಯಾಸಕ್ಕೆ ಧಾರಾಳ ಸಾಕು. ಗುಂಡೇ ಇಲ್ದೆ ಟ್ರಿಗರ್ ಅಭ್ಯಾಸ ಮಾಡೋದೂ ಉಂಟು, ಆದ್ರೆ ರಿಮ್‌ಫೈರಲ್ಲಿ ಖಾಲಿ ಹೊಡೆದ್ರೆ ಪಿನ್ನು ನೇರ ಚೇಂಬರಿನ (ಗುಂಡು ಕೂರೋ ಗೂಡಿನ) ಅಂಚಿಗೆ ಬಡಿದು ಕೆಲವು ಗನ್ನು ಹಾಳಾಗುತ್ತೆ, ಅದಕ್ಕೆ ಗೋಡೆಗೆ ಸ್ಕ್ರೂ ಹಾಕೋವಾಗ ಬಳಸೋ ಹಳದಿ ಪ್ಲಾಸ್ಟಿಕ್ ಪ್ಲಗ್ಗನ್ನ ಚೇಂಬರಿಗೆ ತುರುಕೋದು ಅಲ್ಲಿನವ್ರ ಹಳೇ ಐಡಿಯಾ.

ತಳಕ್ಕೂ ಮೇಲ್ಮಿತಿಗೂ ನಡುವೆ ನಿಮ್ಮ ರೇಟ್ ಎಲ್ಲಿ ಅನ್ನೋದು ನೀವು ಎಷ್ಟು ಹೊಡೀತೀರ ಅನ್ನೋದರ ಮೇಲೆ. ತಿಂಗಳಿಗೆ 200 ಗುಂಡು ಹೊಡೆಯೋನಿಗೆ 6 ಸೆಂಟು ಇದ್ರೆ 12 ಡಾಲರ್, 12 ಸೆಂಟಾದ್ರೆ 24 ಡಾಲರ್. ವ್ಯತ್ಯಾಸ ಒಂದು ಪಿಜ್ಜಾದಷ್ಟೂ ಇಲ್ಲ. ಅವ್ನು ಡಬಲ್ ಕೊಟ್ಟು ಅಭ್ಯಾಸ ಮುಂದುವರ್ಸೋದೇ ಸರಿ, ಕ್ಯೂ ನಿಲ್ಲೋದು ದಂಡ. ವಾರಕ್ಕೆ ಸಾವಿರ ಹೊಡೆಯೋನಿಗೆ ಅದೇ ಡಬಲ್ ಅಂದ್ರೆ ತಿಂಗಳಿಗೆ 240 ಡಾಲರ್ ಜಾಸ್ತಿ, ಅವ್ನು ಕಮ್ಮಿ ಮಾಡ್ಲೇಬೇಕು. ಮೂರನೆಯವ್ನು ಇದಾನೆ, ಈಗಾಗ್ಲೇ ಐದು ಸಾವಿರ ಬೀರುವಲ್ಲಿಟ್ಟು, ಇನ್ನೂ ಬೇಕು ಅಂತ 15 ಸೆಂಟಿಗೂ ಕೈ ಚಾಚೋನು. ಕೊರತೆ ಟೈಮಲ್ಲಿ ಅತಿ ಹೆಚ್ಚು ನಷ್ಟ ಮಾಡ್ಕೊಳ್ಳೋನು ಇವ್ನೇ, ಯಾಕಂದ್ರೆ ಅವ್ನಿಗೆ ಬೇಕಾಗೋ ಹೊತ್ತಿಗೆ ರೇಟ್ ಇಳಿದಿರುತ್ತೆ, ಎರಡು ಸಲವೂ ಹಾಗೇ ಆಗಿದ್ದು.

ಹಾಗಾಗಿ ಮಾಮೂಲಿ ರೇಟಿನ ಎರಡು ಪಟ್ಟಿನ ತನಕ, ಅದೂ ಮುಂದಿನ ಮೂರು ನಾಲ್ಕು ತಿಂಗಳಿಗೆ ಬೇಕಾಗೋಷ್ಟು ಮಾತ್ರ, ಕೊಡ್ಬೋದು. ಮೂರು ಪಟ್ಟು ದಾಟಿದ್ರೆ ಕೈಕಟ್ಟಿ ಕೂರೋದು ವಾಸಿ. ಸ್ಪರ್ಧೆಗೆ ಹೋಗೋರ ಲೆಕ್ಕ ಬೇರೆ, ಇಲೈ ಟೆನೆಕ್ಸ್ ಥರದ ಮ್ಯಾಚ್ ಗುಂಡಿಗೆ ಮಾಮೂಲಿ ದಿನದಲ್ಲೇ ಒಂದಕ್ಕೆ 40 ಸೆಂಟಿನ ಸುತ್ತಮುತ್ತ. ಅವ್ರ ಬ್ಯಾರೆಲ್ಲಿಗೆ ಒಂದು ಲಾಟ್ (ಒಂದೇ ಸಲಕ್ಕೆ ತಯಾರಾದ ಮಾಲು) ಹೊಂದ್ಕೊಂಡ್ರೆ ಅದನ್ನೇ ಹುಡುಕ್ತಾರೆ, ರೇಟ್ ನೋಡಲ್ಲ.

ರೇಟ್ ಹೋಲಿಸೋವಾಗ ಡಬ್ಬದ ಮೇಲಿನ ಅಂಕಿ ನಂಬ್ಬೇಡಿ. ಒಂದು ವೆಬ್‌ಸೈಟಲ್ಲಿ 525ರ ಡಬ್ಬ 36 ಡಾಲರ್, ಊರಂಗಡೀಲಿ 45 ಅಂತ ಇಟ್ಕೊಳ್ಳಿ. ವೆಬ್‌ಸೈಟ್ ಸಾಗಾಟಕ್ಕೆ 15 ಡಾಲರ್ ಹಾಕಿದ್ರೆ ಮನೆಗೆ ಬರೋ ಹೊತ್ತಿಗೆ 51, ಗುಂಡಿಗೆ 9.7 ಸೆಂಟು. ಊರಂಗಡೀಲಿ ಶೇ 8 ತೆರಿಗೆ ಸೇರ್ಸಿ 48.60, ಅಂದ್ರೆ 9.3 ಸೆಂಟು, ಮೇಲಾಗಿ ಅಂಗಡಿಯವ್ನ ಪರಿಚಯ ಬೇರೆ. ಡಬ್ಬಗಳು 50, 100, 325, 333, 500, 525, 555 ಅಂತ ಬೇಕಂತಲೇ ಒಂದೊಂದು ಸೈಜಲ್ಲಿರುತ್ತೆ, ಭಾಗಾಕಾರ ಮಾಡ್ಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಇರೋರಿಗೆ ಇನ್ನೂ ಒಂದಿಷ್ಟು ಹೊರೆ, 2019ರ ಜುಲೈಯಿಂದ ಗುಂಡು ಕೊಳ್ಳೋಕೂ ಬ್ಯಾಕ್‌ಗ್ರೌಂಡ್ ಚೆಕ್ ಬಂತು, 2024ರ ಜುಲೈಯಿಂದ ರಾಜ್ಯದ್ದೇ ಬೇರೆ ಶೇ 11 ತೆರಿಗೆ. ನ್ಯೂಯಾರ್ಕಲ್ಲೂ 2023ರ ಸೆಪ್ಟೆಂಬರಿಂದ ಚೆಕ್ ಇದೆ.

ನಮ್ಮ ಕಡೆ ಯಾಕೆ ಹೀಗಾಗಲ್ಲ

ಕೊಡಗಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನೋಡಿದವ್ರಿಗೆ .22 ಹೊಸದಲ್ಲ, ಅದಕ್ಕೇ ಬೇರೆ ವಿಭಾಗ ಇರುತ್ತೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿಂದ ವಿನಾಯ್ತಿ ಇದೆ, ಕೇಂದ್ರ 2019ರಲ್ಲಿ ಅದನ್ನ 2029ರ ತನಕ ಮುಂದುವರೆಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡೀತು. ಉಳಿದವ್ರಿಗೆ ಲೈಸೆನ್ಸಲ್ಲೇ ವರ್ಷಕ್ಕೆ ಇಷ್ಟು ಗುಂಡು, ಒಂದು ಸಲಕ್ಕೆ ಇಷ್ಟು ಅಂತ ಬರೆದಿರುತ್ತೆ, ಡೀಲರ್ ಕೊಟ್ಟಿದ್ದನ್ನ ನಮೂದಿಸ್ತಾನೆ. ಹಾಗಾಗಿ ಗಾಬರಿ ಬಿದ್ದು ಹತ್ತು ಬ್ರಿಕ್ ತಂದಿಡೋ ಪ್ರಶ್ನೇನೇ ಇಲ್ಲಿ ಬರಲ್ಲ.

ನಮ್ಮಲ್ಲಿ ಬಿಸಿ ತಟ್ಟೋದು ಸ್ಪರ್ಧಾ ಶೂಟರ್‌ಗಳಿಗೆ. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ ತ್ರೀ ಪೊಸಿಷನ್ ಸ್ಪರ್ಧೆ ನಡೆಯೋದು .22ರಲ್ಲೇ, ಆ ಮಟ್ಟದ ಮ್ಯಾಚ್ ಗುಂಡು ಇಂಗ್ಲೆಂಡು, ಜರ್ಮನಿಯಿಂದ ಆಮದಾಗ್ಬೇಕು. ಅಲ್ಲಿನ ಫ್ಯಾಕ್ಟರಿ ಆರ್ಡರ್ ಪುಸ್ತಕ ಅಮೆರಿಕದ ಬೇಡಿಕೆಯಿಂದ ತುಂಬಿದ್ರೆ ಪುಣೆ, ಬೆಂಗಳೂರಿನ ರೇಂಜಲ್ಲಿ ಅಭ್ಯಾಸ ಮಾಡೋ ಹುಡುಗ್ರು ಕಾಯ್ಬೇಕು.

ಈಗಿನ ಏರಿಕೆ ಯಾವ ಜಾತಿಯದ್ದು

ಈಚಿನ ವರ್ಷಗಳ ಏರಿಕೆ ಖರ್ಚಿಂದ ಬಂದಿದ್ದು, ಗಾಬರಿಯಿಂದ ಅಲ್ಲ. ಯುಕ್ರೇನ್ ಯುದ್ಧದಿಂದ ಪೌಡರಿನ ಮುಖ್ಯ ಕಚ್ಚಾ ಮಾಲಾದ ನೈಟ್ರೋಸೆಲ್ಯುಲೋಸ್‌ಗೆ ಬೇಡಿಕೆ ಏರಿ ಪೌಡರ್ ತುಟ್ಟಿ ಆಯ್ತು, ಆಂಟಿಮನಿ ಏರ್ತು, ಸುಂಕದಿಂದ ತಾಮ್ರ ಏರ್ತು. ಆದ್ರೆ ಮೇಲಿನ ಲೆಕ್ಕ ನೋಡಿದ್ರಲ್ಲ, .22ರಲ್ಲಿ ಕಚ್ಚಾ ಮಾಲಿನ ಪಾಲೇ ಸೆಂಟು ಒಂದೂವರೆ ಸೆಂಟು. ಅದೆಲ್ಲಾ ಡಬಲ್ ಆದ್ರೂ ಗುಂಡಿಗೆ ಒಂದೂವರೆ ಸೆಂಟು ಏರ್ಬೋದು, ಬ್ರಿಕ್ಕಿಗೆ ಏಳೆಂಟು ಡಾಲರ್, ಶೆಲ್ಫ್ ಖಾಲಿ ಆಗಲ್ಲ. ಚೀನಾ ಕೂಡ ಆಂಟಿಮನಿ ನಿಷೇಧನ 2025ರ ನವೆಂಬರಲ್ಲಿ ಒಂದು ವರ್ಷದ ಮಟ್ಟಿಗೆ ತಡೆಹಿಡಿದಿದೆ. ಖರ್ಚಿನ ಏರಿಕೆ ನಿಧಾನಕ್ಕೆ ಬರುತ್ತೆ, ಬಂದ್ಮೇಲೆ ಪೂರ್ತಿ ಇಳಿಯಲ್ಲ. ಗಾಬರಿಯ ಏರಿಕೆ ಒಂದು ವಾರದಲ್ಲಿ ಬರುತ್ತೆ, ಆದ್ರೆ ಕಾದ್ರೆ ಇಳಿಯುತ್ತೆ. ಮೊದಲನೇದಕ್ಕೆ ಕಾದು ಪ್ರಯೋಜನ ಇಲ್ಲ, ಎರಡನೇದಕ್ಕೆ ಓಡಿ ಪ್ರಯೋಜನ ಇಲ್ಲ.

ಒಂದು ಬದಲಾವಣೆ ಮಾತ್ರ ಗಮನಿಸೋ ಹಾಗಿದೆ. 2020ರ ದಿವಾಳಿ ಹರಾಜಲ್ಲಿ ರೆಮಿಂಗ್ಟನ್ ಗುಂಡಿನ ವ್ಯಾಪಾರ ವಿಸ್ಟಾ ಕೈಗೆ ಹೋಯ್ತು, ಅಲ್ಲಿ ಆಗ್ಲೇ ಸಿಸಿಐ, ಫೆಡರಲ್ ಇದ್ವು. 2024ರ ಕೊನೇಲಿ ಆ ಮೂರನ್ನೂ ಸೇರ್ಸಿ ಜೆಕ್ ದೇಶದ ಸಿಎಸ್‌ಜಿ ಗುಂಪು ಕೊಂಡ್ಕೊಂಡ್ತು. ಅಮೆರಿಕದಲ್ಲಿ .22 ಮಾಡೋ ನಾಲ್ಕು ದೊಡ್ಡ ಹೆಸರಲ್ಲಿ ಮೂರು ಈಗ ಒಬ್ಬನೇ ಯಜಮಾನನ ಕೈಲಿ. ಮುಂದೆ ಗಾಬರಿ ಬಂದಾಗ ಡೀಲರ್‌ಗಳಿಗೆ ಎಷ್ಟು ಮಾಲು, ಯಾವ ರೇಟಿಗೆ ಅನ್ನೋದು ಬಹುಪಾಲು ಆ ಒಂದೇ ಆಫೀಸಿಂದ ತೀರ್ಮಾನ ಆಗುತ್ತೆ. 2028ರ ಅಧ್ಯಕ್ಷೀಯ ಚುನಾವಣೆಗೆ ಮುಂಚಿನ ತಿಂಗಳುಗಳಲ್ಲಿ ಅದು ಹೇಗೆ ನಡೆಯುತ್ತೆ ಅಂತ ನೋಡ್ಬೇಕು. ಅಲ್ಲಿಯ ತನಕ 6-7 ಸೆಂಟಿಗೆ ಸಿಕ್ತಿರುವಾಗ ಒಂದು ವರ್ಷಕ್ಕೆ ಬೇಕಾಗೋಷ್ಟು ತಗೊಂಡಿಟ್ಕೊಂಡ್ರೆ, ಆಮೇಲೆ 15 ಸೆಂಟಿನ ಟೇಬಲ್ ಮುಂದೆ ನಿಂತು ಚೌಕಾಸಿ ಮಾಡೋ ಗೋಜು ಇರಲ್ಲ.